ಕೆಂಚೀರ ತೀರಿಸಿದ ಮುಯ್ಯಿ

ಮುಯ್ಯಾಳು ಅಂದರೆ ಏನು ಅಂತ ಈಗಿನೋರನ್ನ ಕೇಳಿ ನೋಡಿ, ಮಿಕಿಮಿಕಿ ಕಣ್ಣು ಬಿಡ್ತಾರೆ. ಹೋಗಲಿ, ಆಗಿನ ಕೆಂಚೀರನಿಗೂ ಗೊತ್ತಿರಲಿಲ್ಲ. ಅವನ ಅವ್ವ ನಿಂಗಾಜಮ್ಮ ಗಂಡ ಸತ್ತ ಹೆಂಗಸು. ಹೊಲದಲ್ಲಿ ರಾಗಿ ಮಾಗಿ ನಿಂತಿದೆ, ಮೇಲೆ ಮೋಡ ಕವೀತಾ ಇದೆ. ಮಳೆ ಹುಯ್ದರೆ ವರ್ಷದ ಅನ್ನ ಮಣ್ಣುಪಾಲು.

"ಕೂಲಿ ಕೊಟ್ಟು ಕುಯ್ಸೋ ತಾಕತ್ತು ನಮಗಿಲ್ಲ ಕಣೋ ಮಗ," ಅಂದಳು ಅವ್ವ. "ನಮ್ಮಂಥ ಒಂಟಿ ಜನಕ್ಕೆ ಅಂತಲೇ ಹಿರೀಕರು ಮುಯ್ಯಿ ಅಂತ ಮಾಡಿದ್ದು. ಅವರು ನಮ್ಮ ಹೊಲಕ್ಕೆ ಬಂದರೆ, ನಾವು ಅವರ ಹೊಲಕ್ಕೆ ಹೋಗೋದು. ಕಳೆ ಕೀಳೋಕೆ ಚಿಕ್ಕೇಗೌಡರು ಬಂದಿದ್ರಲ್ಲ, ಅವರ ಕುಯ್ಲಿಗೆ ನೀನು ಹೋಗು, ನಮ್ಮ ಕುಯ್ಲಿಗೆ ಅವರು ಬರ್ತಾರೆ. ನಮ್ಮ ಹೊಲದಲ್ಲಿ ಅವರು ಹೆಂಗೆ ಮಾಡಿದ್ರೋ ಹಂಗೇ ಮಾಡು."

ಕೆಂಚೀರ ಹೋದ. ಬಿಸಿಲೇರೋವರೆಗೂ ಕುಯ್ದ. ಆಮೇಲೆ ಹೊಟ್ಟೆ ತುಂಬ ಉಂಡು, ಹೊಂಗೆ ಮರದ ಕೆಳಗೆ ಟವಲ್ ಹಾಸಿ ಮಲಗಿದ. ಚಿಕ್ಕೇಗೌಡರು ಬಂದು ಒದ್ದು ಎಬ್ಬಿಸಿದರು.

"ಇದೇನ್ಲಾ ಇದು?"

"ತಡೀರಿ ಗೌಡ್ರೇ. ನೀವು ಗೊರಕೆನೂ ಹೊಡೆದಿದ್ರಿ. ನನಗಿನ್ನೂ ಬಂದಿಲ್ಲ."

ದೂರು ಅವ್ವನ ಕಿವಿಗೆ ಬಿತ್ತು. "ಅಯ್ಯೋ ಪೆದ್ದುಮುಂಡೇದೇ, ಅವರು ಮಾಡಿದ್ದನ್ನೆಲ್ಲಾ ಮಾಡ್ತಾರೇನೋ? ಹೊಲದ ಯಜಮಾನರು ಏನು ಹೇಳ್ತಾರೋ ಅದನ್ನ ಮಾಡು."

ಮಾರನೇ ದಿನ ಪಟೇಲರ ಹೊಲ. ಕುಯ್ದು ಹಾಕಿದ್ದ ರಾಗೀನ ಹೊರೆ ಕಟ್ಟಿ ಸಾಗಿಸೋ ಕೆಲಸ. ಪಟೇಲರು ಬಾಯಿ ತುಂಬ, "ಬಾಪ್ಪ ಕೆಂಚೀರ, ನಿಮ್ಮನೇದೇ ಅಂದ್ಕೊಂಡು ಮಾಡು," ಅಂದರು. ಎಲ್ಲರಿಗೂ ಹೇಳೋ ಮಾತು ಅದು, ಹೇಳೋಕೆ ಖರ್ಚೇನು? ಕೆಂಚೀರ ಬೆವರು ಸುರಿಸಿ ಹೊರೆ ಕಟ್ಟಿದ, ಒಂದೊಂದೇ ಹೊತ್ತು ತಂದು ಅವ್ವನ ಹಿತ್ತಲಲ್ಲಿ ಒಟ್ಟಿದ. ಹಿಂದೆಯೇ ಪಟೇಲರು ಬಂದರು. ಆಗ ಅವರ ಬಾಯಿಂದ ಬಂದ ಮಾತನ್ನ ನಾನು ಹೇಳೋದಿಲ್ಲ ಬಿಡಿ.

ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಂಡು ಹೊರೆಗಳನ್ನೆಲ್ಲ ವಾಪಸ್ ಹೊರಿಸಿದಳು. "ಇನ್ನೊಂದು ಸಲ ಬೇರೆಯವರ ಮನೇದು ನಮ್ಮ ಹತ್ರ ಬಂತೋ, ನಿನ್ನ ಚರ್ಮ ಸುಲೀತೀನಿ. ಯಾರದ್ದೇ ಇರಲಿ, ಹುಷಾರಾಗಿ ಅವರವರ ಮನೆಗೆ ಮುಟ್ಟಿಸಿ ಬರಬೇಕು. ತಿಳೀತಾ?"

"ತಿಳೀತವ್ವ."

ಕೊನೆಗೆ ಇವರ ಕುಯ್ಲಿನ ದಿನ ಬಂತು. ಬರೋ ಅಷ್ಟು ಜನಕ್ಕೂ ಅವ್ವ ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಮಾಡಿ, ಕುಕ್ಕೆ ಹೊತ್ತು ಹೊಲಕ್ಕೆ ಬಂದಳು. ಮೋಡ ತಲೆ ಮೇಲೇ ಇದೆ. ರಾಗಿ ನಿಂತಂಗೇ ನಿಂತಿದೆ. ಬದುವಿನ ಮೇಲೆ ಕೆಂಚೀರ ಒಬ್ಬನೇ ಕೂತಿದ್ದಾನೆ.

ಅವ್ವ ಸುತ್ತ ಕಣ್ಣಾಡಿಸಿದಳು. "ಮುಯ್ಯಾಳುಗಳು ಎಲ್ಲೋ? ಬರಲಿಲ್ವಾ?"

"ಬಂದಿದ್ರವ್ವ. ಚಿಕ್ಕೇಗೌಡರು, ಪಟೇಲರ ಮಗ, ಎಲ್ಲಾ ಬಂದಿದ್ರು. ನೋಡಿದೆ, ಒಬ್ಬರೂ ನಮ್ಮ ಮನೆಯವರಲ್ಲ. ಹುಷಾರಾಗಿ ಅವರವರ ಮನೆಗೆ ಮುಟ್ಟಿಸಿ ಬಂದೆ."

"ಅವರೂ ಸುಮ್ಮನೆ ಹೋದ್ರಾ?"

"ಖುಷಿಯಾಗಿ ಹೋದ್ರು. ನಾವು ಬಂದಾಯ್ತು, ಮುಯ್ಯಿ ತೀರಿತು ಅಂದ್ರು."

ಅವ್ವ ಕುಕ್ಕೆ ಇಳಿಸಿ ಕುಸಿದು ಕೂತಳು. ಮೊದಲ ಹನಿ ಮುದ್ದೆ ಮೇಲೆ ಬಿತ್ತು. ಕೆಂಚೀರನಿಗೆ ಅವಳನ್ನ ನೋಡಿ ಕರುಳು ಚುರುಕ್ ಅಂತು.

"ಅಳಬೇಡ ಕಣವ್ವ," ಅಂದ. "ಮುಯ್ಯಿ ಅಂದ್ರೇನು ಅಂತ ನನಗೀಗ ಅರ್ಥ ಆಯ್ತು. ಅವರು ನಮ್ಮ ಹೊಲದ ತನಕ ಬಂದು ವಾಪಸ್ ಹೋದ್ರಲ್ಲ? ನಾಳೆ ನಾವೂ ಅವರ ಹೊಲದ ತನಕ ಹೋಗಿ ವಾಪಸ್ ಬಂದುಬಿಡೋಣ."