ಕ್ಯಾರಿಯರ್ ಮೇಲೆ ಕೂತ ಗುರು

ಸೈಕಲ್ ತುಳಿಯುವುದಕ್ಕೂ ಗುರು ಬೇಕೇ ಎಂದು ನಗುವವರು ನಗಲಿ. ಹೊಳೆದಂಡೆಯ ಆಶ್ರಮದ ರೇವಣಜ್ಜನ ಹಿಂದೆ ಒಂದು ಭಾನುವಾರ ಸೈಕಲ್ ತುಳಿದವರು ಮಾತ್ರ ನಗುತ್ತಿರಲಿಲ್ಲ.

ಮೂವತ್ತು ವರ್ಷ, ಪ್ರತಿ ಭಾನುವಾರ, ಪಕ್ಕದ ಊರಿನ ಜನರನ್ನು ಅಜ್ಜ ಹಳ್ಳಿಗಾಡಿಗೆ ಕರೆದುಕೊಂಡು ಹೋಗುತ್ತಿದ್ದ. ಲಾರಿ, ಬಸ್ಸು ಇಲ್ಲದ ದಾರಿಗಳು ಮಾತ್ರ. ಕಾಲುವೆಯ ಏರಿ, ಬಂಡಿ ಜಾಡು, ಕೆರೆ ಹಿಂದಿನ ಹುಲ್ಲುದಾರಿ.

ಒಂದು ಕಾಲಕ್ಕೆ ಎಲ್ಲಾ ದಾರಿಗಳೂ ಹೀಗೇ ಇದ್ದವು. ಆಗ ಇದಕ್ಕೊಬ್ಬ ಗುರು ಬೇಕಿರಲಿಲ್ಲ. ಹೆದ್ದಾರಿ ಬಂದ ಮೇಲೆ ಬೇಕಾಯಿತು.

ಅಜ್ಜನ ನಿಯಮ ಒಂದೇ. "ಹಾರನ್ ಕೇಳಿಸ್ತಂದ್ರ ದಾರಿ ತಪ್ಪೇತಿ ಅಂತ ತಿಳೀರಿ."

ಆ ವರ್ಷ ಅಜ್ಜನ ಮೊಣಕಾಲು ಕೈಕೊಟ್ಟವು. ಇನ್ನು ಮುಂದೆ ದಾರಿ ತೋರಿಸುವವರು ಯಾರು ಎಂದು ಊರವರು ಕೇಳತೊಡಗಿದರು.

ಶಿಷ್ಯೆ ನೀಲಾಂಬಿಕೆಗೆ ಆ ಜಾಗ ತನಗೇ ಸಿಗಬೇಕೆಂದು ಬಹಳ ಆಸೆ. ಆರು ವರ್ಷದ ಹಿಂದೆ ಒಂದು ಭಾನುವಾರ ಸೈಕಲ್ ಏರಿ ಬಂದವಳು ವಾಪಸು ಹೋಗಿಯೇ ಇರಲಿಲ್ಲ. ಈಗ ಮೂವತ್ತು ದಾಟಿತ್ತು. ಕಾಲಲ್ಲಿ ಬಲವಿತ್ತು, ನಾಲಿಗೆಯಲ್ಲಿ ಅದಕ್ಕಿಂತ ತುಸು ಹೆಚ್ಚೇ ಇತ್ತು.

"ಅಜ್ಜಾರ, ಬರೂ ಐತವಾರದಿಂದ ಮುಂದ ನಾ ಹೋಗತೇನ್ರಿ. ಎಲ್ಲಾ ದಾರಿ ಬರದ ಇಟ್ಟೇನಿ."

ಅವಳ ಪುಸ್ತಕದಲ್ಲಿ ಒಂದೊಂದು ಕವಲೂ ಇತ್ತು. ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ.

ಅಜ್ಜ ಹಾಳೆ ತಿರುವಿ ನೋಡಿ ಪುಸ್ತಕ ಹಿಂದಕ್ಕೆ ಕೊಟ್ಟ. ಆಮೇಲೆ ತನ್ನ ಸೈಕಲ್ಲಿನ ಹಿತ್ತಾಳೆ ಬೆಲ್ಲನ್ನು ಮುಟ್ಟಿ ತೋರಿಸಿದ. ಮುಂದೆ ಹೋಗುವವರ ಬೆಲ್ಲು ಅದು.

"ನಾಳೆ ನನ್ನ ಹೇರಿಕೊಂಡು ಹಿರೇಕೆರಿಗೆ ಹೋಗು. ಹಾರನ್ ಕೇಳಿಸದಂಗ ಹೊಳ್ಳಿ ಆಶ್ರಮಕ್ಕ ತಂದು ಬಿಡು. ಬೆಲ್ಲು ನಿಂದು."

ಇಷ್ಟೇನಾ ಎಂದುಕೊಂಡಳು ನೀಲಾ.

ಮರುದಿನ ಬೆಳಿಗ್ಗೆ ಅಜ್ಜ ತನ್ನ ಸೈಕಲ್ಲನ್ನೇ ಅವಳಿಗೆ ಕೊಟ್ಟು, ಅದರ ಕ್ಯಾರಿಯರ್ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತ. ಅವನ ಬೆನ್ನು ಅವಳ ಬೆನ್ನಿಗೆ ತಾಗುತ್ತಿತ್ತು.

"ಇದೇನ್ರೀ ಅಜ್ಜಾರ, ಹಿಂದಕ್ಕ ಮಾರಿ ಮಾಡಿ ಕುಂತೀರಿ?"

"ಮುಂದ ನೋಡಾಕ ನೀ ಅದೀಯಲ್ಲ."

ಸೈಕಲ್ ಕಾಲುವೆ ಏರಿ ಹಿಡಿಯಿತು. ಅಜ್ಜ ತನ್ನಷ್ಟಕ್ಕೆ ಮಾತಾಡತೊಡಗಿದ.

"ಈ ಕಲ್ಲಿಗೆ ಸುಣ್ಣ ಇನ್ನೂ ಐತಿ ನೋಡು."

ಅದು ಕರಿಕಲ್ಲಲ್ಲವೇ, ಯಾವ ಸುಣ್ಣ ಎಂದುಕೊಂಡಳು ನೀಲಾ. ತಿರುಗಿ ನೋಡಲಿಲ್ಲ.

"ಈ ಬಾವಿಗೆ ರಾಟಿ ಇತ್ತು. ನಮ್ಮ ಸೈಕಲ್ ಸಪ್ಪಳ ಕೇಳಿದ್ರ ಸಾಕು, ಹಮೀದಾಬಿ ಕೊಡಾ ತುಂಬಿ ನಿಂತಿರತಿದ್ಲು. ಈಗ ರಾಟಿ ಕಂಬ ಒಂದ ಉಳದೈತಿ."

ಬಂಡಿ ಜಾಡು ಮುಗಿಯುವ ಹೊತ್ತಿಗೆ ಮತ್ತೆ ಶುರು. "ಈ ಬೇವಿನ ಬುಡಕ್ಕ ಕುಂತು ಅವಲಕ್ಕಿ ತಿಂತಿದ್ವಿ. ಸಿಡ್ಲು ಬಡದು ಅರ್ಧಾ ಗಿಡ ಕರ್ರಗಾಗೇತಿ, ಪಾಪ."

ಹಸಿರು ತುಂಬಿದ ಬೇವನ್ನು ಈಗಷ್ಟೇ ದಾಟಿದ್ದಳು. ಅರವತ್ತಕ್ಕೆ ಅರಳು ಮರಳು, ಅಜ್ಜನಿಗೆ ಎಪ್ಪತ್ತು ಬೇರೆ ದಾಟಿದೆ ಎಂದು ಒಳಗೇ ನಕ್ಕಳು.

"ಹೋದದ್ದ ಎಷ್ಟಂತ ನೋಡತೀರಿ ಅಜ್ಜಾರ? ಮುಂದ ನೋಡ್ರಿ, ಎಷ್ಟ ಚಂದ ಐತಿ."

"ಹೋದದ್ದಲ್ಲವಾ, ನಾ ಬರೂದ ನೋಡಾಕತ್ತೇನಿ."

ಒಂದು ಕವಲೂ ತಪ್ಪಲಿಲ್ಲ. ಹಿರೇಕೆರೆಯ ದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಬೆಲ್ಲು ಆಗಲೇ ತನ್ನದಾದಂತೆ ನೀಲಾ ಅದನ್ನು ಸೆರಗಿನಿಂದ ಒರೆಸಿದಳು.

ವಾಪಸು ಹೊರಟಾಗ ಅಜ್ಜ ಎಲ್ಲರಂತೆ ಮುಂದಕ್ಕೆ ಮುಖ ಮಾಡಿ ಕೂತ. ಅದನ್ನು ಅವಳು ಗಮನಿಸಲಿಲ್ಲ. ಪುಸ್ತಕವನ್ನು ಹಿಂದಿನಿಂದ ಓದಿದರಾಯಿತು ಎಂಬ ಧೈರ್ಯದಲ್ಲಿದ್ದಳು. ಎಡ ಇದ್ದಲ್ಲಿ ಬಲ, ಬಲ ಇದ್ದಲ್ಲಿ ಎಡ.

ಅರ್ಧ ಮೈಲಿಗೇ ದಾರಿ ಮೂರಾಗಿ ಒಡೆಯಿತು.

ಇಲ್ಲಿ ಕವಲೇ ಇರಲಿಲ್ಲವಲ್ಲ! ಪುಸ್ತಕ ತೆಗೆದಳು, ಇರಲಿಲ್ಲ. ಹೋಗುವಾಗ ಮಿಕ್ಕೆರಡು ದಾರಿಗಳು ಅವಳ ಬೆನ್ನ ಹಿಂದಿನಿಂದ ಬಂದು ಸೇರಿಕೊಂಡಿದ್ದವು. ಮುಂದೆ ನೋಡುತ್ತಿದ್ದವಳಿಗೆ ಅವು ಕಂಡೇ ಇರಲಿಲ್ಲ. ಆರು ವರ್ಷವೂ ವಾಪಸು ಬರುವಾಗ ಅಜ್ಜನ ಹಿಂದಿನ ಚಕ್ರವನ್ನಷ್ಟೇ ನೋಡಿಕೊಂಡು ಬಂದಿದ್ದಳು.

"ಅಜ್ಜಾರ, ಯಾವ ಕಡೆ?"

ಅಜ್ಜ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

ನಡುವಿನದು ಅಗಲವಾಗಿತ್ತು. ಅದನ್ನೇ ಹಿಡಿದಳು. ಹತ್ತು ನಿಮಿಷ ತುಳಿದಿರಬೇಕು, ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆಯಿತು. ಎದುರಿಗೆ ಹೆದ್ದಾರಿ.

ನೀಲಾ ಸೈಕಲ್ ನಿಲ್ಲಿಸಿದಳು. ಆರು ವರ್ಷ ಕಾದದ್ದು ಒಂದು ಹಾರನ್ನಿಗೆ ಹೋಯಿತೆಂದು ಅವಳಿಗೆ ಅಳು ತಡೆಯಲಾಗಲಿಲ್ಲ.

"ಸೋತೆ ಅಜ್ಜಾರ."

"ಅಳೂದು ಆಮ್ಯಾಲ. ಸೈಕಲ್ ತಿರುಗಿಸು."

ಮತ್ತೆ ಮೂರು ದಾರಿ ಕೂಡುವಲ್ಲಿಗೆ ಬಂದರು.

"ಸಿಡ್ಲು ಬಡದ ಬೇವು ಎಲ್ಲೈತಿ?"

ಎಡಗಡೆ ದಾರಿಯಲ್ಲಿ ನಿಂತಿತ್ತು. ಈ ಮಗ್ಗುಲು ಪೂರಾ ಕಪ್ಪು. ಹೋಗುವಾಗ ಅವಳು ಕಂಡದ್ದು ಅದರ ಹಸಿರು ಮಗ್ಗುಲನ್ನು.

ಮುಂದಿನ ಕವಲಿನಲ್ಲಿ ರಾಟಿ ಕಂಬ ಕಂಡಿತು. ಅದರ ಮುಂದಿನದರಲ್ಲಿ ಆ ಕರಿಕಲ್ಲು. ಈ ಕಡೆಯಿಂದ ಬರುವವರಿಗೆ ಮಾತ್ರ ಕಾಣುವಂತೆ ಯಾರೋ ಒಂದೇ ಮೈಗೆ ಸುಣ್ಣ ಬಳಿದಿದ್ದರು.

ನೀಲಾ ತುಳಿಯುವುದನ್ನು ನಿಧಾನ ಮಾಡಿದಳು.

"ಹೋಗೂ ಮುಂದ ಇವೆಲ್ಲಾ ಹೇಳಿದ್ರಿ ನೀವು."

"ಹೇಳಿದ್ನಿ. ಮುದುಕ ವಟವಟ ಅಂತಾನ ಅಂದ್ಕೊಂಡಿ."

"ನಿಮಗ ಯಾರ ಕಲಿಸಿದ್ರು?"

"ನಮ್ಮ ಗುರುಗಳು. ಇದ ದಾರಿಯೊಳಗ ಅವರನ್ನ ಹೇರಿಕೊಂಡು ಬಂದಿದ್ನಿ. ನೀ ಹೆದ್ದಾರಿಗಾದ್ರೂ ಹೋದಿ. ನಾ ಅವರನ್ನ ಸೀದಾ ಕೆಸರಿಗೆ ಕೆಡವಿದ್ನಿ. ಆ ಕಲ್ಲಿಗೆ ಅವತ್ತ ಅವರ ಸುಣ್ಣ ಬಳದಿದ್ದು. ಆಮ್ಯಾಲ ವರ್ಷಾ ವರ್ಷಾ ನಾನ ಬಳಕೋತ ಬಂದೇನಿ."

ಇಬ್ಬರೂ ನಕ್ಕರು.

ಆ ವಾರವೆಲ್ಲ ನೀಲಾ ಒಬ್ಬಳೇ ಹೋದಳು. ಕವಲು ಬಂದಲ್ಲೆಲ್ಲ ಇಳಿದು, ತಿರುಗಿ ನಿಂತು, ಬಂದ ದಾರಿಯನ್ನು ನೋಡಿದಳು. ಆರು ವರ್ಷ ಓಡಾಡಿದ ದಾರಿಯೇ, ಆದರೆ ಹೀಗೆ ನೋಡಿರಲಿಲ್ಲ. ಪುಸ್ತಕ ಆಶ್ರಮದಲ್ಲೇ ಉಳಿಯಿತು.

ಭಾನುವಾರ ಬೆಳಿಗ್ಗೆ ಆಶ್ರಮದ ಮುಂದೆ ಇಪ್ಪತ್ತು ಸೈಕಲ್ ನಿಂತಿದ್ದವು. ನೀಲಾ ತನ್ನ ಸೈಕಲ್ ಹತ್ತಿರ ಹೋದಳು. ಹ್ಯಾಂಡಲ್ಲಿನ ಮೇಲೆ ಹಿತ್ತಾಳೆ ಬೆಲ್ಲು ಇತ್ತು.

"ಹಾರನ್ ಕೇಳಿತ್ತಲ್ರೀ ಅಜ್ಜಾರ?"

"ಕೇಳಿತ್ತು. ಹೊಳ್ಳಿ ಬಂದಿಯಲ್ಲ."

"ಹಂಗಾರ ನೀವೂ ಹತ್ರಿ, ಕ್ಯಾರಿಯರ್ ಒರಸೇನಿ."

"ಇವತ್ತ ಬ್ಯಾಡ. ನಾ ಇಲ್ಲೇ ಕೂಡತೇನಿ." ಅಜ್ಜ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೋಲು ಊರಿ ಕೂತ.

ನೀಲಾ ಬೆಲ್ಲು ಬಾರಿಸಿದಳು. ಹಿಂದೆ ಇಪ್ಪತ್ತು ಬೆಲ್ಲುಗಳು ಮೊಳಗಿದವು. ಎಲ್ಲರೂ ಹೊರಟರು.

ನೂರು ಮಾರು ದೂರದಲ್ಲೇ ಮೊದಲ ಕವಲು. ಅವಳು ಇಳಿದಳು. ತಿರುಗಿ ನಿಂತಳು. ಆಶ್ರಮದ ಬಾಗಿಲು, ಕಟ್ಟೆ, ಕಟ್ಟೆಯ ಮೇಲೆ ಬಿಳಿ ಪಂಚೆಯ ಅಜ್ಜ. ಅವಳ ಕಣ್ಣು ತುಂಬಿ ಬಂದವು, ಆದರೂ ನೋಡುತ್ತಲೇ ನಿಂತಳು.

"ಯಾಕ ನಿಂತ್ರಿ ಅಕ್ಕಾರ?" ಹಿಂದಿನವರು ಕೇಳಿದರು.

ಕಟ್ಟೆಯಿಂದ ಅಜ್ಜನ ದನಿ ಬಂತು.

"ನೋಡಿಕೊಂಡಿ? ಹಾಂ, ಇನ್ನ ಹೋಗವಾ."