ಹೊಲಿದ ಮೊಟ್ಟೆ

ಎಂದಿನಂಥದೇ ಒಂದು ಬೆಳಿಗ್ಗೆ. ಕುಂಟು ಹೇಂಟೆಯೊಂದು ಬುಟ್ಟಿಯಲ್ಲಿ ತನ್ನ ಒಂದೇ ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು. ಈ ಮೊದಲು ಹುಟ್ಟಿದ್ದ ಅದರ ಮರಿಯೂ ತಾಯಿಯಂತೆಯೇ ಎಡಗಾಲು ಕುಂಟುತ್ತಿತ್ತು. ಓಡಲಾಗದೆ ಹದ್ದಿನ ಪಾಲಾಗಿತ್ತು. ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ಹಕ್ಕಿಗೆ ಇದು ಗೊತ್ತಿತ್ತು.

“ಹೇಂಟಕ್ಕ, ಚಿಪ್ಪಿಗೆ ಸಣ್ಣ ತೂತು ಮಾಡಿ, ಒಳಗೇ ಕಾಲು ಸರಿಮಾಡಿ ಹೊಲಿದುಬಿಡುತ್ತೇನೆ” ಎಂದಿತು ಅದು.

“ಇದಕ್ಕೆ ಮೊದಲು ಮಾಡಿದ್ದೀಯಾ?”

“ಪಾರಿವಾಳದ ಮೊಟ್ಟೆಗಳಿಗೆ ಮಾಡಿದ್ದೆ.”

“ಆ ಮರಿಗಳೆಲ್ಲಿ?”

“ಅವುಗಳಿಂದ ನನ್ನ ಕೊಕ್ಕು ಪಳಗಿತು.”

ಹೇಂಟೆ ಮೊಟ್ಟೆಯತ್ತ ಬಾಗಿತು. “ಒಳಗಿರುವುದನ್ನೇ ಒಂದು ಮಾತು ಕೇಳೋಣ” ಎಂದು ಚಿಪ್ಪಿಗೆ ಕಿವಿಗೊಟ್ಟಿತು. ಒಳಗಿನಿಂದ ಟಕ್ಕೆಂದು ಸದ್ದು ಬಂತು.

“ನೋಡು, ಒಪ್ಪಿಕೊಂಡಿತು!” ಎಂದಿತು ಸಿಂಪಿಗ ಹಕ್ಕಿ.

“ಬೇಡ ಎಂದಿತೋ ಏನೋ.”

“ಹದ್ದು ಇಷ್ಟೆಲ್ಲ ಯೋಚಿಸುವುದಿಲ್ಲ, ಅಕ್ಕ.”

ಹೇಂಟೆ ಆಕಾಶ ನೋಡಿತು, ಮೊಟ್ಟೆ ನೋಡಿತು. ಹೂಂ ಎನ್ನಲೂ ಆಗದೆ, ಊಹೂಂ ಎನ್ನಲೂ ಆಗದೆ, ಬುಟ್ಟಿಯಿಂದ ಎದ್ದು ಪಕ್ಕಕ್ಕೆ ಸರಿಯಿತು.

ಮರಿ ಹೊರಬಂದಾಗ ಎರಡು ಕಾಲೂ ನೆಟ್ಟಗಿದ್ದವು. ಅಂಗಳದ ಉಳಿದ ಮರಿಗಳೊಂದಿಗೆ ಅದು ಬಾಣದಂತೆ ಓಡುತ್ತಿತ್ತು. ತಾಯಿಯ ಹಿಂದೆ ನಡೆಯುವಾಗ ಮಾತ್ರ ಎಡಗಾಲು ಕುಂಟುತ್ತಿತ್ತು.