ಜ್ವರದ ಮದ್ದಿನ ಮೂರು ಒಗಟು

"ಹಿರೇಕೋಟೆಯ ಪ್ರಜೆಗಳಿಗೆ ದೊರೆಯ ಅಪ್ಪಣೆ. ಜ್ವರಕ್ಕೆ ಮದ್ದು ಸಿಕ್ಕಿದೆ. ರಾಜವೈದ್ಯ ತ್ರ್ಯಂಬಕರು ಮುಚ್ಚಿದ ಕೋಣೆಯಲ್ಲಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಮದ್ದಿನ ಗುಟ್ಟೂ ಬೇಡಿದ ಉಡುಗೊರೆಯೂ ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಆ ಮದ್ದು ಹುಡುಕಲು ವೈದ್ಯರು ವರ್ಷಗಟ್ಟಲೆ ಉಂಡದ್ದು ಜನರ ಸುಂಕವನ್ನೇ. ಸುಂಕ ವಸೂಲು ಮಾಡುವಾಗ ಯಾರೂ ಒಗಟು ಕೇಳಿರಲಿಲ್ಲ.

ಕರಿಯ ಸ್ಮಶಾನದಲ್ಲಿ ಗುಂಡಿ ತೋಡುವ ಯುವಕ. ಅವನ ಹೆಂಡತಿ ಕೆಂಪಿ ಜ್ವರದಲ್ಲಿ ಮಲಗಿದ್ದಳು. ತಲೆ ಹೋಗಬೇಕಾದವರನ್ನು ಅವನ ಗುಂಡಿಯ ಪಕ್ಕಕ್ಕೇ ಕರೆತರುತ್ತಿದ್ದರು.

ಮೊದಲು ಬಂದವನು ಒಬ್ಬ ಪಂಡಿತ.

"ಏನು ಕೇಳಿದರು ಸ್ವಾಮಿ?" ಎಂದ ಕರಿಯ.

"ಹತ್ತು ಜನಕ್ಕೆ ಕೊಟ್ಟರೂ ಕೊಟ್ಟವನಲ್ಲಿ ಎಳ್ಳಷ್ಟೂ ಕಡಿಮೆಯಾಗದ್ದು ಯಾವುದು ಅಂತ. ವಿದ್ಯೆ ಅಂದೆ. ತಪ್ಪಂತೆ."

"ಅರಮನೆ ಮುಂದೆ ಕಾದಿರುವವರಿಗೆ ತಿಳಿಸಲೇ?"

"ಬೇಡ. ಇಷ್ಟು ಸುಲಭವಾಗಿ ಸೋತೆ ಅಂತ ಅವರು ನಗಬಾರದು."

ಮರುದಿನ ಒಬ್ಬ ಜ್ಯೋತಿಷಿ ಬಂದ. ಅವನೂ ವಿದ್ಯೆ ಎಂದಿದ್ದ, ಜೊತೆಗೆ ಶ್ಲೋಕವನ್ನೂ ಹೇಳಿದ್ದ.

"ಯಾರಿಗಾದರೂ ತಿಳಿಸಲೇ?"

"ನಾನು ಕಷ್ಟಪಟ್ಟು ಓದಿ ಕಂಡುಕೊಂಡ ಉತ್ತರ ಅದು. ಬಿಟ್ಟಿ ಯಾಕೆ ಕೊಡಲಿ?" ಎಂದು ಜ್ಯೋತಿಷಿ ಕತ್ತು ಬಗ್ಗಿಸಿದ.

ಮೂರನೆಯವನು ನೆರೆನಾಡಿನ ರಾಜಕುಮಾರ. ಕರಿಯ ತಾನೇ ಅರಮನೆ ಬಾಗಿಲಿಗೆ ಹೋಗಿ, "ಸ್ವಾಮಿ, ಮೊದಲ ಒಗಟಿಗೆ ವಿದ್ಯೆ ಅನ್ನಬೇಡಿ" ಎಂದ.

"ಹೆಣ ಹೂಳುವವನು ನನಗೆ ಪಾಠ ಹೇಳುತ್ತಿದ್ದಾನೆ ನೋಡು" ಎಂದು ರಾಜಕುಮಾರ ತನ್ನ ಬಂಟನ ಕಡೆ ತಿರುಗಿ ನಕ್ಕ. ಸಂಜೆ ಅವನೂ ಬಂದ. ಅವನು ಹೇಳಿದ್ದೂ ವಿದ್ಯೆಯೇ. ಆಳು ಎತ್ತರವಿದ್ದ, ಆದರೆ ತಲೆ ಬೇರೆಯಾದ್ದರಿಂದ ಗುಂಡಿ ಚಿಕ್ಕದೇ ಸಾಕಾಯಿತು.

ಅಷ್ಟರಲ್ಲಿ ಕೆಂಪಿಗೆ ಗಂಡನ ಗುರುತೂ ಸಿಗದಂತಾಗಿತ್ತು. ಕರಿಯ ಕೈ ತೊಳೆದು ಅರಮನೆಗೆ ಹೋದ.

ಕೋಣೆಯಲ್ಲಿ ದೊರೆ ಮತ್ತು ತ್ರ್ಯಂಬಕರು ಇಬ್ಬರೇ ಇದ್ದರು. ವೈದ್ಯರು ಅದೇ ಮೊದಲ ಒಗಟು ಕೇಳಿದರು.

"ಜ್ವರ, ಸ್ವಾಮಿ" ಎಂದ ಕರಿಯ. "ಹತ್ತು ಜನಕ್ಕೆ ಹಂಚಿದವನೂ ಅದರಲ್ಲೇ ಸಾಯುತ್ತಾನೆ. ವಿದ್ಯೆಯಾಗಿದ್ದರೆ, ಈ ಊರಲ್ಲಿ ಯಾರಾದರೂ ಕೊಟ್ಟದ್ದನ್ನು ಕಂಡಿರುತ್ತಿದ್ದೆ."

ವೈದ್ಯರು ಕೂತಲ್ಲೇ ನೆಟ್ಟಗಾದರು. "ಒಡೆಯ ಬದುಕಿರುವಾಗ ಮದ್ದು, ಅವನು ಸತ್ತ ಮರುದಿನ ವಿಷ. ವಸ್ತು ಮಾತ್ರ ಬದಲಾಗಿಲ್ಲ. ಏನದು?"

"ಹೆಸರು ಬರೆಯದ ಭರಣಿ. ಕೆಳಬೀದಿಯ ಮುದಿ ವೈದ್ಯರು ಯಾರಾದರೂ ಕದ್ದಾರೆಂದು ಯಾವ ಭರಣಿಗೂ ಹೆಸರು ಬರೆಯಲಿಲ್ಲ. ಅವರು ಹೋದ ಮೇಲೆ ಮಗ ಒಂದನ್ನು ತೆಗೆದು ಕುಡಿದ. ಅವನನ್ನೂ ಭರಣಿಗಳನ್ನೂ ಒಂದೇ ಗುಂಡಿಗೆ ಹಾಕಿದೆ."

ದೊರೆ ಕೇಳಿದ, "ತ್ರ್ಯಂಬಕರೇ, ನಿಮ್ಮ ಭರಣಿಗಳಿಗೆ ಹೆಸರಿದೆಯೇ?"

"ನನಗೆ ನೆನಪಿದೆ, ಪ್ರಭು." ವೈದ್ಯರು ಅವಸರದಿಂದ ಮೂರನೆಯದಕ್ಕೆ ಬಂದರು. "ಹೂತರೆ ಮತ್ತೆ ಹುಟ್ಟುತ್ತದೆ, ಬಿಸಿಲಿಗೆ ಹರವಿದರೆ ಸಾಯುತ್ತದೆ. ಏನು?"

ಬೀಜ ಎಂಬ ಮಾತು ಕರಿಯನ ನಾಲಗೆಯ ತುದಿಗೆ ಬಂತು. ಸತ್ತ ಮೂವರೂ ನಾಲಗೆಯ ತುದಿಗೆ ಬಂದದ್ದನ್ನೇ ಹೇಳಿದ್ದರು. ಅವನು ಅದನ್ನು ನುಂಗಿಕೊಂಡ.

"ನಾವು ಮಾಡುವ ತಪ್ಪು, ಸ್ವಾಮಿ. ಒಂದೇ ತಪ್ಪನ್ನು ಮೂರು ಸಲ ಹೂತಿದ್ದೇನೆ. ಮೊದಲನೆಯ ಸಲವೇ ಬೀದಿಯಲ್ಲಿ ಸಾರಿದ್ದರೆ ಉಳಿದ ಎರಡು ಗುಂಡಿ ಬೇಕಿರಲಿಲ್ಲ."

ತ್ರ್ಯಂಬಕರು ಸರಿಯೆಂದು ತಲೆಯಾಡಿಸಿದರು. ಮದ್ದಿನ ಗುಟ್ಟನ್ನು ಕರಿಯನ ಕಿವಿಯಲ್ಲಿ ಉಸುರಿದರು. ದೊರೆ, "ಇನ್ನು ಬೇಡು" ಎಂದ.

"ವೈದ್ಯರಿಗೆ ಕೊಡುವ ಹಣದ ಜೊತೆ ಡಂಗುರದವನ ಕೂಲಿಯನ್ನೂ ಬೊಕ್ಕಸದಿಂದ ಕೊಡಿಸಿ. ವೈದ್ಯರಿಗೆ ಫಲಿಸಿದ ಮದ್ದನ್ನೂ ಅವನು ಸಾರಲಿ, ಕೈಕೊಟ್ಟದ್ದನ್ನೂ ಸಾರಲಿ. ಭರಣಿಗಳಿಗೆ ಹೆಸರು ಬರೆಸಿ."

"ಎಲ್ಲರಿಗೂ ತಿಳಿದರೆ ನನಗೇನು ಬೆಲೆ ಉಳಿಯಿತು?" ಎಂದರು ವೈದ್ಯರು.

"ತಲೆ ಉಳಿದಿದೆಯಲ್ಲ" ಎಂದ ದೊರೆ.

ಬೆಳಗಾದಾಗ ಅದೇ ಬೀದಿಯಲ್ಲಿ ಡಂಗುರ ಮತ್ತೆ ಮೊಳಗಿತು. ಎರಡು ಬಗೆಯ ಸೊಪ್ಪು, ಒಂದು ಬೇರು, ಅಷ್ಟೇ ಮದ್ದು. ಮೂರೂ ಸ್ಮಶಾನದ ಬೇಲಿಯಲ್ಲೇ ಬೆಳೆಯುತ್ತಿದ್ದವು. ರಾತ್ರಿಯೇ ಕಷಾಯ ಕುಡಿದಿದ್ದ ಕೆಂಪಿ ಕಣ್ಣು ಬಿಟ್ಟು, "ಕೈಯೆಲ್ಲ ಮಣ್ಣು, ತೊಳಕೊಂಡು ಬಾ" ಎಂದಳು.

ಮಧ್ಯಾಹ್ನದೊಳಗೆ ಜನ ಬೇಲಿಯನ್ನು ಬೋಳು ಮಾಡಿದರು. ಆ ವರ್ಷ ಗಿಡಗಳು ಸೊಂಪಾಗಿ ಬೆಳೆದಿದ್ದವು. ಗೊಬ್ಬರಕ್ಕೆ ಕೊರತೆ ಇರಲಿಲ್ಲ.